ತರಗತಿಯ ಸಂಶೋಧನೆ ಯಾರ ಕೆಲಸ?



ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗಲೆಲ್ಲ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಹಳ್ಳಿ ಮಕ್ಕಳಿಗೆ ಗಣಿತ ತಲೆಗೆ ಹತ್ತುವುದಿಲ್ಲ." ಹೀಗೆನ್ನುವವರಲ್ಲಿ ಪೋಷಕರಿದ್ದಾರೆ, ವಿಷಾದದ ಸಂಗತಿಯೆಂದರೆ ನಮ್ಮ ವೃತ್ತಿಬಾಂಧವರೂ ಇದ್ದಾರೆ. ಇದು ಶುದ್ಧ ಸುಳ್ಳೆಂಬುದು ನನ್ನ ಖಚಿತ ಅಭಿಪ್ರಾಯ. ಈ ಸುಳ್ಳನ್ನು ನಂಬಿ ಎಷ್ಟೋ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಹತ್ತನೆಯ ತರಗತಿಗೇ ವಿಜ್ಞಾನದ ದಾರಿಗೆ ಬೆನ್ನು ತಿರುಗಿಸುತ್ತಾರೆ.

ಒಂದು ಉದಾಹರಣೆ ನೋಡೋಣ. ಹುಡುಗನೊಬ್ಬ 1.30ಕ್ಕೆ 1.30 ಕೂಡಿಸಿ 3.20 ಎಂದು ಬರೆದನೆನ್ನಿ. ಪುಸ್ತಕದ ಉತ್ತರ 2.60. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತುತ್ತಾರೆ. ಆದರೆ ಅವನ ಮನೆಯ ಪಹಣಿಯನ್ನು ತೆರೆದು ನೋಡಿದರೆ ಅಲ್ಲಿ 1.30 ಎಂದರೆ ಒಂದು ಎಕರೆ ಮೂವತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆ. ಅಂಥ ಎರಡು ತುಂಡು ಸೇರಿದರೆ ಮೂರು ಎಕರೆ ಇಪ್ಪತ್ತು ಗುಂಟೆಯೇ ಆಗುತ್ತದೆ! ಕ್ರಿಕೆಟ್ಟಿನಲ್ಲಿಯೂ ಹಾಗೆಯೇ: 4.3 ಓವರಿಗೆ 4.3 ಓವರು ಸೇರಿದರೆ ಒಂಬತ್ತು ಓವರು, 8.6 ಅಲ್ಲ. ಹುಡುಗನಿಗೆ ಬುದ್ಧಿ ಕಡಿಮೆಯಿಲ್ಲ. ಮನೆಯ ಚುಕ್ಕಿಗೂ ಶಾಲೆಯ ಚುಕ್ಕಿಗೂ ಇರುವ ವ್ಯತ್ಯಾಸವನ್ನು ಯಾರೂ ಅವನಿಗೆ ಹೇಳಿಲ್ಲ, ಅಷ್ಟೆ. "ಇದು ಹೇಗೆ ಬಂತಪ್ಪಾ?" ಎಂದು ಕೇಳಿ ಉತ್ತರವನ್ನು ಗುರುತುಹಾಕಿಕೊಳ್ಳುವುದೇ ಸಂಶೋಧನೆಯ ಮೊದಲ ಹೆಜ್ಜೆ. ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು ಮತ್ತು ಸ್ವಲ್ಪ ತಾಳ್ಮೆ.

ವಿಜ್ಞಾನದ ಕಥೆಯೂ ಇದೇ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದನ್ನು ನೋಡುತ್ತ ಬೆಳೆದ ಮಗು, ಆಮ್ಲವನ್ನು ಪ್ರತ್ಯಾಮ್ಲ ತಟಸ್ಥಗೊಳಿಸುತ್ತದೆಂಬ ವಾಕ್ಯವನ್ನು ಗೈಡು ನೋಡಿ ಉರು ಹೊಡೆಯುತ್ತದೆ. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದ ಶಿವನಸಮುದ್ರ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿಯ ಮಕ್ಕಳು ಟರ್ಬೈನನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಾಣುವುದು ಯಾವ ನ್ಯಾಯ?

ಇದಕ್ಕೆ ಪರಿಹಾರವೆಂದು ನಮಗೆ ದೊರೆಯುತ್ತಿರುವುದೇನು? ಸ್ಮಾರ್ಟ್ ಬೋರ್ಡು, "ಪಾಸಿಂಗ್ ಪ್ಯಾಕೇಜು", ಒಬ್ಬರು ಮಾತನಾಡಿ ನಲವತ್ತು ಜನ ತೂಕಡಿಸುವ ತರಬೇತಿ. ನನ್ನ ಸೇವಾವಧಿಯಲ್ಲಿ ಅಂಥ ಎಷ್ಟೋ ತರಬೇತಿಗಳಲ್ಲಿ ಕುಳಿತಿದ್ದೇನೆ. ನಿಮ್ಮ ಮಕ್ಕಳು ಎಲ್ಲಿ ಎಡವುತ್ತಾರೆಂದು ಅಲ್ಲಿ ಒಬ್ಬರೂ ಕೇಳಿದ್ದಿಲ್ಲ. ರೋಗಿಯನ್ನು ನೋಡದೆ ಔಷಧಿ ಬರೆಯುವ ವೈದ್ಯನನ್ನು ನಾವು ಒಪ್ಪುತ್ತೇವೆಯೇ?

"ಹಳ್ಳಿ ಮೇಷ್ಟ್ರಿಗೆ ಸಂಶೋಧನೆಯೇ?" ಎಂದು ನಗುವವರು ಇತಿಹಾಸವನ್ನೊಮ್ಮೆ ನೋಡಲಿ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹದಿನಾರು ಶಾಲೆಗಳಿಂದ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಮುಂಬಯಿ, ದೆಹಲಿಗಳ ವಿಜ್ಞಾನಿಗಳು ಹಳ್ಳಿಯ ಶಿಕ್ಷಕರೊಡನೆ ಕುಳಿತು ಪಾಠಗಳನ್ನು ರೂಪಿಸಿದರು. ಮಕ್ಕಳು ಪ್ರಯೋಗ ಮಾಡಿ ಕಲಿತರು, ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು. ಮೂರು ದಶಕ ನಡೆದ ಆ ಕೆಲಸವನ್ನು 2002ರಲ್ಲಿ ಅಲ್ಲಿಯ ಸರ್ಕಾರವೇ ನಿಲ್ಲಿಸಿತು. ನಮ್ಮ ನೆರೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ರಿಷಿ ವ್ಯಾಲಿಯ ಪದ್ಧತಿಯನ್ನು ಕಂಡುಬಂದು ತಮ್ಮ ಮಕ್ಕಳಿಗೆ ತಕ್ಕಂತೆ ಕಟ್ಟಿದ್ದೇ ನಲಿ-ಕಲಿ. ಅದು 2009-10ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಆದರೆ ಹರಡಿದ್ದು ಕಾರ್ಡು, ಏಣಿಗಳು. ಅವನ್ನು ಹುಟ್ಟಿಸಿದ ಶಿಕ್ಷಕರ ಚರ್ಚೆ ಅದೇ ಪ್ರಮಾಣದಲ್ಲಿ ಹರಡಲಿಲ್ಲ. ಸುತ್ತೋಲೆಯ ಮೂಲಕ ಸಾಮಗ್ರಿಯನ್ನು ಕಳಿಸಬಹುದು, ಆಲೋಚನೆಯನ್ನಲ್ಲ.

ಜಪಾನಿನ ಶಿಕ್ಷಕರು ಒಂದು ಪಾಠವನ್ನು ಹಲವರು ಸೇರಿ ಸಿದ್ಧಪಡಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಬಳಿಕ ಕುಳಿತು ತಿದ್ದುತ್ತಾರೆ. ಅಲ್ಲಿ ಪರೀಕ್ಷೆಗೊಳಗಾಗುವುದು ಪಾಠ, ಶಿಕ್ಷಕನಲ್ಲ. ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಅಂಕಿಅಂಶ ತುಂಬುವ ಬದಲು ಇದನ್ನೇಕೆ ಮಾಡಬಾರದು?

ಸಮಯವೆಲ್ಲಿದೆ ಎಂಬ ಆಕ್ಷೇಪವುಂಟು. ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕಗಳ ನಡುವೆ ಶಿಕ್ಷಕ ಬಸವಳಿದಿರುವುದು ನಿಜ. ಆ ಹೊರೆಯನ್ನು ಇಲಾಖೆ ಇಳಿಸಲೇಬೇಕು. ಆದರೆ ತಿಂಗಳಿಗೊಂದು ಸಭೆ ಈಗಲೂ ನಡೆಯುತ್ತಿದೆಯಲ್ಲ. ಅದರಲ್ಲಿ ಎರಡು ಗಂಟೆ ಒಂದು ಪಾಠಕ್ಕೆ ಮೀಸಲಾದರೆ ಸಾಕು.

ಮೂರೂ ತಾಲ್ಲೂಕುಗಳಿಂದ ಹತ್ತು ಹತ್ತು ಮಂದಿ ಗಣಿತ, ವಿಜ್ಞಾನ ಶಿಕ್ಷಕರು ಸೇರಲಿ. ಮಂಡ್ಯದ ಡಯಟ್ ಸ್ಥಳ ಕೊಡಲಿ, 1963ರಿಂದ ಶಿಕ್ಷಕರನ್ನು ತಯಾರುಮಾಡುತ್ತಿರುವ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯವರು ನಲವತ್ತೈದು ಕಿಲೋಮೀಟರು ಬರಲಿ, ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳೂ ಬರಲಿ. ಅವರೆಲ್ಲ ಉಪದೇಶಿಸಲು ಬರುವುದು ಬೇಡ, ಜೊತೆಗೆ ಕುಳಿತು ನೋಡಲು ಬರಲಿ.

ನಿಮ್ಮಲ್ಲಿ ಇಂದು ಉಪಾಧ್ಯಾಯರಾಗಿರುವವರು ಅಪ್ಪಣೆಗಾಗಿ ಕಾಯಬೇಡಿ. ಈ ವಾರವೇ ಒಂದು ನೋಟ್‌ಬುಕ್ಕು ತೆರೆದು, ಮಕ್ಕಳ ಹತ್ತು ತಪ್ಪು ಉತ್ತರಗಳನ್ನೂ ಅವಕ್ಕೆ ಅವರು ಕೊಟ್ಟ ಕಾರಣಗಳನ್ನೂ ಬರೆದಿಡಿ. ಪಕ್ಕದ ಶಾಲೆಯ ಮಿತ್ರರಿಗೆ ತೋರಿಸಿ. ಪೋಷಕರಾಗಿರುವವರು ಮಗು ಎಷ್ಟು ಅಂಕ ತಂದಿತೆಂದು ಕೇಳುವ ಮೊದಲು ಹೇಗೆ ಯೋಚಿಸಿತೆಂದು ಕೇಳಿ.