ಕಾಳಿಗೆ ಜರಡಿ ಉಂಟು, ಜಾಲತಾಣಕ್ಕೆ?

ಬೀದರ್: ಗಾಂಧಿ ಗಂಜ್‌ನ ಕೃಷಿ ಉತ್ಪನ್ನ ಮಾರುಕಟ್ಟೆಗೆ ತೊಗರಿ, ಉದ್ದು ತರುವ ರೈತರಿಗೂ ಅಲ್ಲಿನ ವ್ಯಾಪಾರಿಗಳಿಗೂ ಧಾರಣೆಯ ವಿವರ ಇಂದು ಮೊಬೈಲ್‌ನಲ್ಲೇ ದೊರೆಯುತ್ತದೆ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಬಳಿಕ ವಹಿವಾಟೂ ಅಂತರ್ಜಾಲದತ್ತ ಸರಿದಿದೆ. ಆದರೆ ಧಾರಣೆಗಾಗಿ ಸುದ್ದಿತಾಣವೊಂದನ್ನು ತೆರೆದರೆ, ಓದುಗ ಕೇಳದ ಸ್ಕ್ರಿಪ್ಟ್‌ಗಳೂ ಜೊತೆಗೆ ಬರುತ್ತವೆ. ಜಾಹೀರಾತು ತೋರಿಸುವುದು, ಓದುಗನ ಜಾಡು ಹಿಡಿಯುವುದು ಅವುಗಳಲ್ಲಿ ಹಲವುಗಳ ಕೆಲಸ.

ಎಲ್ಲವೂ ನಿರುಪದ್ರವಿಗಳಲ್ಲ. 2018ರಲ್ಲಿ ನೆರೆಯ ಆಂಧ್ರಪ್ರದೇಶದ ಕೆಲವು ಸರ್ಕಾರಿ ಜಾಲತಾಣಗಳಲ್ಲಿ, ಭೇಟಿ ನೀಡಿದವರ ಕಂಪ್ಯೂಟರನ್ನೇ ಗುಟ್ಟಾಗಿ ದುಡಿಸಿ ಕ್ರಿಪ್ಟೊ ನಾಣ್ಯ ಗಳಿಸುವ ಸ್ಕ್ರಿಪ್ಟ್ ಪತ್ತೆಯಾಗಿತ್ತು.

ಇವುಗಳಲ್ಲಿ ಎರಡು ಬಗೆ. ಬೇರೆ ತಾಣದಿಂದ ಬರುವ ಸ್ಕ್ರಿಪ್ಟ್‌ಗೆ ಸ್ವಂತ ವಿಳಾಸವಿರುತ್ತದೆ. ತಡೆ ತಂತ್ರಾಂಶವು ತನ್ನ ಪಟ್ಟಿಯೊಂದಿಗೆ ತಾಳೆ ನೋಡಿ ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಪುಟದ ಒಡಲಲ್ಲೇ ಬರೆದ ಸ್ಕ್ರಿಪ್ಟ್‌ಗೆ ಪ್ರತ್ಯೇಕ ವಿಳಾಸವಿಲ್ಲ. ಬ್ರೌಸರ್ ಪುಟವನ್ನು ಓದುವ ಮೊದಲೇ ಅದರ ಪಠ್ಯವನ್ನು ಪರಿಶೀಲಿಸಿ, ಬೇಡವಾದ ಭಾಗವನ್ನಷ್ಟೇ ತೆಗೆಯಬೇಕು. ಫೈರ್‌ಫಾಕ್ಸ್ ಇದಕ್ಕೆ ಅವಕಾಶ ನೀಡಿದೆ. ಅಲ್ಲಿ 'ಯುಬ್ಲಾಕ್ ಒರಿಜಿನ್' ಈ ಕೆಲಸ ಮಾಡುತ್ತದೆ. ಕ್ರೋಮ್‌ನಲ್ಲಿ ಈ ಅವಕಾಶವೇ ಇಲ್ಲ. ಒಳ ಸ್ಕ್ರಿಪ್ಟ್‌ಗಳನ್ನೆಲ್ಲ ಒಟ್ಟಾಗಿ ನಿಷೇಧಿಸಬಹುದು ನಿಜ. ಆದರೆ ಆಗ ಲಾಗಿನ್, ಹಣ ಪಾವತಿಯಂತಹ ಅಗತ್ಯ ಸೇವೆಗಳೂ ಕೆಡಬಹುದು. ಕಲ್ಲಿನೊಡನೆ ಕಾಳನ್ನೂ ಚೆಲ್ಲಿದಂತೆ.

2024ರಲ್ಲಿ ಆರಂಭಿಸಿ 2025ರ ಹೊತ್ತಿಗೆ ಗೂಗಲ್, ಕ್ರೋಮ್‌ನ ಹಳೆಯ ಎಕ್ಸ್‌ಟೆನ್ಷನ್ ವ್ಯವಸ್ಥೆಯನ್ನು ಕೊನೆಗೊಳಿಸಿತು. ಯುಬ್ಲಾಕ್ ಒರಿಜಿನ್ ಅಲ್ಲಿಂದ ಮರೆಯಾಯಿತು; ಅದರ ಸರಳ ರೂಪ 'ಲೈಟ್' ಮಾತ್ರ ಉಳಿದಿದೆ. ಪ್ರತಿ ಪುಟವನ್ನೂ ಓದಬಲ್ಲ ಎಕ್ಸ್‌ಟೆನ್ಷನ್ ದುರುಪಯೋಗವಾಗಬಹುದು ಎಂಬ ಗೂಗಲ್ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆದಾಯದ ಬಹುಪಾಲನ್ನು ಜಾಹೀರಾತಿನಿಂದ ಪಡೆಯುವ ಸಂಸ್ಥೆಯೇ ಜರಡಿಯ ಕಣ್ಣಿನ ಅಳತೆಯನ್ನೂ ನಿರ್ಧರಿಸುವುದು ಪ್ರಶ್ನಾರ್ಹ. ಆಂಡ್ರಾಯ್ಡ್ ಮೊಬೈಲ್‌ನ ಕ್ರೋಮ್‌ನಲ್ಲಂತೂ ಎಕ್ಸ್‌ಟೆನ್ಷನ್‌ಗೆ ಎಡೆಯೇ ಇಲ್ಲ. ಅಲ್ಲಿ ಈ ಸೌಲಭ್ಯ ಬೇಕಾದವರು ಫೈರ್‌ಫಾಕ್ಸ್‌ನಂತಹ ಬ್ರೌಸರ್‌ಗೆ ಬದಲಾಗಬೇಕು.

ನಾಣ್ಯದ ಇನ್ನೊಂದು ಮುಖವನ್ನೂ ಮರೆಯಲಾಗದು. ಉಚಿತವಾಗಿ ಓದಲು ಸಿಗುವ ಪ್ರಾದೇಶಿಕ ಸುದ್ದಿತಾಣಗಳಿಗೆ ಜಾಹೀರಾತೇ ಮುಖ್ಯ ಆಧಾರ. ಎಲ್ಲ ಓದುಗರೂ ಎಲ್ಲ ಜಾಹೀರಾತನ್ನೂ ತಡೆದರೆ ವರದಿಗಾರಿಕೆಯ ಖರ್ಚು ಹೊರುವವರಾರು? ಪರಿಹಾರ ತಾಣಗಳ ಕೈಯಲ್ಲೂ ಇದೆ: ಜಾಹೀರಾತು ಇರಲಿ, ಗುಟ್ಟಾಗಿ ಜಾಡು ಹಿಡಿಯುವ ಸ್ಕ್ರಿಪ್ಟ್ ಬೇಡ. ಗಂಜ್‌ನಲ್ಲಿ ಕಾಳನ್ನು ಕೈಯಲ್ಲಿ ಹಿಡಿದು ನೋಡಿದ ಬಳಿಕವೇ ಬೆಲೆ ಕೂಗುತ್ತಾರೆ. ತನ್ನ ಮೊಬೈಲ್‌ನಲ್ಲಿ ಏನು ನಡೆಯುತ್ತಿದೆ ಎಂದು ನೋಡಿ, ಬೇಡವಾದದ್ದನ್ನು ತಡೆಯುವ ಹಕ್ಕು ಓದುಗನಿಗೂ ಇರಬೇಕು.