ಹಿಂದಿನ ಪುಟದ ಶಿಲ್ಕು

ಬಿಕಾಂ ಓದಿ ಬ್ಯಾಂಕು ಸೇರಿದವನಿಗೆ ಯಂತ್ರಗಳ ಬಗ್ಗೆ ಏನು ಗೊತ್ತು ಅಂತ ನೀವು ಕೇಳಬಹುದು. ಸರಿಯೇ. ಆದರೆ ಲೆಕ್ಕದ ಪುಸ್ತಕದ ಒಂದು ನಿಯಮ ನನಗೆ ಚೆನ್ನಾಗಿ ಗೊತ್ತು. ಹಿಂದಿನ ಪುಟದ ಶಿಲ್ಕನ್ನು ತಂದು ಮೇಲೆ ಬರೆದ ನಂತರವೇ ಹೊಸ ಪುಟದ ಜಮಾ-ಖರ್ಚು. ತಂತ್ರಜ್ಞಾನದ ಕಥೆಯೂ ಹೀಗೇ ಅಂತ ನನಗನ್ನಿಸುತ್ತದೆ. ನಾವು ಮಾತ್ರ ಶಿಲ್ಕಿನ ಸಾಲು ಬಿಟ್ಟು ಓದುತ್ತೇವೆ.

ಉಗಿ ಎಂಜಿನ್ನನ್ನೇ ನೋಡಿ. ಅದು ಹುಟ್ಟಿದ್ದು ರೈಲಿಗಾಗಿ ಅಲ್ಲ. 1712ರಲ್ಲಿ ಇಂಗ್ಲೆಂಡಿನ ನ್ಯೂಕಾಮೆನ್ ಅದನ್ನು ನಿಲ್ಲಿಸಿದ್ದು ಕಲ್ಲಿದ್ದಲ ಗಣಿಯೊಳಗೆ ತುಂಬುವ ನೀರನ್ನು ಎತ್ತಿ ಹಾಕಲು. ಜೇಮ್ಸ್ ವಾಟ್ ಅದನ್ನು ತಿದ್ದಿದ, ಆಮೇಲಿನವರು ಅದಕ್ಕೆ ಗಾಲಿ ಕಟ್ಟಿದರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ಕಲಬುರಗಿ ಕಡೆಯ ಎಷ್ಟೋ ಮಂದಿ ಹೈದರಾಬಾದು ಸೇರಿದ್ದು ಅದೇ ಹಳಿಯ ಮೇಲೆ!

ಅದೇ ಉಗಿ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂತು. ಆದರೆ ಗಣಿ ಆಳಕ್ಕಿಳಿದಂತೆಲ್ಲ ಸೌದೆ, ಕಲ್ಲಿದ್ದಲಿನ ಖರ್ಚು ಏರತೊಡಗಿತು. ಆಗ ಹೊಳೆದದ್ದು ಕಾವೇರಿಯ ಶಿವನಸಮುದ್ರ. ಜೋಲಿ ಡಿ ಲಾಟ್‌ಬಿನಿಯೆರ್ ಎಂಬ ಎಂಜಿನಿಯರರ ಯೋಜನೆಗೆ ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಾಗಿ ನಿಂತರು. 1902ರ ಜೂನ್‌ನಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಕರೆಂಟು ಕೆಜಿಎಫ್ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ಗಣಿ ಉಂಡ ಮೂರು ವರ್ಷದ ಮೇಲೆ ರಾಜಧಾನಿಯಂಥ ಊರಿಗೆ ಪಂಕ್ತಿ!

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಗೆ ಕರೆಂಟು ಸಾಲದು. 1911ರಲ್ಲಿ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಗೆ ಕೈ ಹಾಕಲು ನೀರಾವರಿಯ ಜೊತೆ ಇದೂ ಒಂದು ಕಾರಣ. ಆ ನೀರು ಮಂಡ್ಯಕ್ಕೆ ಹರಿದು ಕಬ್ಬಾಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯೂ ಹುಟ್ಟಿತು. ಚಿನ್ನದ ಗಣಿ ಎಲ್ಲಿ, ಸಕ್ಕರೆ ಎಲ್ಲಿ! ಇನ್ನೂ ಒಂದಿದೆ. ಗಣಿ ಅಷ್ಟು ಆಳವಿದ್ದದ್ದರಿಂದಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳ ಸುಳಿವನ್ನು ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ ಅಲ್ಲಿನ ವಿಜ್ಞಾನಿಗಳೂ ಸೇರಿದರು.

ಇಷ್ಟೆಲ್ಲ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರು ಕಡಿಮೆ, ಖರ್ಚು ಜಾಸ್ತಿ. ಲೆಕ್ಕದ ಪ್ರಕಾರ ಸರಿಯೇ ಇರಬಹುದು. ಆದರೆ ಆ ಊರಿನವರು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರಲ್ಲ, ಅವರು ಯಾವ ಪುಟದಲ್ಲಿದ್ದಾರೆ?

ನನ್ನ ತಕರಾರು ಇಷ್ಟೇ. ಪ್ರತಿ ಕಂಪನಿಯೂ ಯಂತ್ರಕ್ಕೆ ಸವಕಳಿ ಬರೆಯುತ್ತದೆ. ಯಂತ್ರ ಒಂದು ದಿನ ಸವೆಯುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ವರ್ಷವರ್ಷ ಲಾಭದಿಂದ ಒಂದಿಷ್ಟು ಕಳೆಯುತ್ತಾರೆ. ಯಂತ್ರದ ಜೊತೆ ಸವೆಯುವ ಕೈಗಳಿಗೆ, ಊರುಗಳಿಗೆ ಇಂಥ ಲೆಕ್ಕ ಯಾರು ಬರೆಯುತ್ತಾರೆ? ಬಾಗಿಲು ಹಾಕುವ ದಿನ ಪರಿಹಾರ ಕೊಡುವುದು ಬೇರೆ, ಬಾಗಿಲು ತೆರೆದಿರುವಾಗಲೇ ಮುಂದಿನ ಕಸುಬು ಕಲಿಸುವುದು ಬೇರೆ. ಗಣಿ ಬರಿದಾಗುವುದು ಒಂದೇ ರಾತ್ರಿಯಲ್ಲಿ ಅಲ್ಲವಲ್ಲ.

ಹಾಗಂತ ಹಳೆಯದನ್ನೇ ತಬ್ಬಿಕೊಂಡು ಕೂರೋಣ ಅಂತ ನಾನು ಹೇಳುವುದಿಲ್ಲ. ದಪ್ಪ ಲೆಡ್ಜರುಗಳ ಧೂಳು ಕುಡಿದವನಿಗೆ ಕಂಪ್ಯೂಟರಿನ ಬೆಲೆ ಗೊತ್ತು. ಇಲ್ಲೇ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ 2004ರಲ್ಲಿ ಬೇರೆ ಬೇರೆ ಬ್ಯಾಂಕುಗಳ ಎಟಿಎಂಗಳನ್ನು ಒಂದೇ ಜಾಲಕ್ಕೆ ಕಟ್ಟಿತು. ಮುಂದೆ ಅದು ಎನ್‌ಪಿಸಿಐ ಕೈಗೆ ಹೋಯಿತು, 2010ರಲ್ಲಿ ಐಎಂಪಿಎಸ್ ಬಂತು, ಅದರ ಹೆಗಲ ಮೇಲೆ 2016ರಲ್ಲಿ ಯುಪಿಐ. ನಾರಾಯಣಗೂಡದ ಬಂಡಿಯಲ್ಲಿ ಮಿರ್ಚಿ ಬಜ್ಜಿಗೆ ಫೋನು ತೋರಿಸುವಾಗ ಇದೆಲ್ಲ ಯಾರಿಗೆ ನೆನಪಾಗಬೇಕು! ಆದರೆ ಪಾಸ್‌ಬುಕ್ ಹಿಡಿದು ಕೌಂಟರಿಗೆ ಬರುವ ಪಿಂಚಣಿದಾರರು ಇನ್ನೂ ಇದ್ದಾರೆ. ಅವರ ಉಳಿತಾಯವೂ ಸೇರಿಯೇ ಬ್ಯಾಂಕು ಬೆಳೆದದ್ದು. ಆ್ಯಪ್ ಹಾಕಿಕೊಳ್ಳಿ ಅಂದು ಕಳಿಸಿಬಿಟ್ಟರೆ ಮುಗಿಯಿತೇ?

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಮನೆಗಳ ಮಕ್ಕಳು ನಿನ್ನೆಯವರೆಗೆ ಹೊಸ ಪುಟ, ನಾಳೆ ಅವರೂ ಹಿಂದಿನ ಪುಟವಾಗಬಹುದು. ಸವಕಳಿಯ ಪ್ರಶ್ನೆಯನ್ನು ಕೆಜಿಎಫ್‌ನವರು ಕೇಳಿದಾಗ ನಮಗೆ ದೂರದ ಮಾತಾಗಿತ್ತು. ಈಗ ಅದು ನಮ್ಮ ಊಟದ ಮೇಜಿಗೇ ಬಂದಿದೆ. ಅವರು ಬರೆದ ಕೋಡಿನಿಂದಲೇ ಕಲಿತ ಯಂತ್ರ ದುಡಿಯುವ ಲಾಭದಲ್ಲಿ, ಅವರಿಗೆ ಹೊಸ ಕಸುಬು ಕಲಿಸಲು ಒಂದು ಪಾಲನ್ನು ಇವತ್ತೇ ತೆಗೆದಿಡಲಿ. ಯಂತ್ರ ಹಳತಾದರೆ ಪುಸ್ತಕದಿಂದ ರೈಟ್ ಆಫ್ ಮಾಡಿ, ಬೇಡ ಅನ್ನುವವನಲ್ಲ ನಾನು. ಮನುಷ್ಯರನ್ನು ಮಾತ್ರ ಮಾಡಬೇಡಿ. ಏನಂತೀರಿ?