ಹದಿನೇಳು ಗಂಟೆ ಯಾರ ಲೆಕ್ಕ?

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14 ಸಾವಿರ ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಕಡೆಯಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಸುಮಾರು 17 ಗಂಟೆ. ಗೋಡೆ ಮೇಲಿನ ನಕ್ಷೆಯಲ್ಲಿ ಅದು ಸುತ್ತು ದಾರಿ ಅನಿಸುತ್ತೆ. ಗ್ಲೋಬಿನ ಮೇಲೆ ದಾರ ಹಿಡಿದು ನೋಡಿ, ಅದೇ ಹತ್ತಿರ.

ಆದರೆ ದಟ್ಟಗಳ್ಳಿಯವರ ಲೆಕ್ಕ 17 ಗಂಟೆಗೆ ಮುಗಿಯಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಿ ಮೊದಲು ದೇವನಹಳ್ಳಿ ತಲುಪಬೇಕು. ಸುಮಾರು 180 ಕಿ.ಮೀ., ಫ್ಲೈಬಸ್‌ನಲ್ಲಿ ನಾಲ್ಕು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹಾರುವ ಮೊದಲೇ ಏಳು ಗಂಟೆ ಹೋಯ್ತು! ಆಕಾಶದಲ್ಲಿ ಗಂಟೆಗೆ 800 ಕಿ.ಮೀ., ನೆಲದ ಮೇಲೆ 45. (ಟಿಕೆಟ್ ನೋಡಿಯೂ ಲೆಕ್ಕ ಹಾಕಬೇಡಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹತ್ತಿದವರು ಅದೇ ಸಂಜೆ ಐದೂವರೆಗೆ ಇಳಿದ ಹಾಗೆ ಕಾಣುತ್ತೆ.)

ನಮಗೆ ಹತ್ತಿರದಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣ ಇದೆ. ರನ್‌ವೇ 1,740 ಮೀಟರ್ ಅಷ್ಟೇ, ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಸಾಕು. ಉದ್ದ ಮಾಡೋಣ ಅಂದರೆ ನಂಜನಗೂಡು ಹೆದ್ದಾರಿ ಅಡ್ಡ. ವಿಸ್ತರಣೆಯ ಮಾತು ವರ್ಷಗಳಿಂದ ಕೇಳ್ತಾನೇ ಇದ್ದೇವೆ. ಮಂಡಕಳ್ಳಿಯಿಂದ ಅಮೆರಿಕಕ್ಕೇ ವಿಮಾನ ಬಿಡಿ ಅಂತ ಯಾರೂ ಕೇಳ್ತಿಲ್ಲ. ದೆಹಲಿಗೋ ಮುಂಬೈಗೋ ದೊಡ್ಡ ವಿಮಾನ ಹಾರಲಿ, ಅಲ್ಲಿಂದ ಮುಂದೆ ನಾವೇ ಹೋಗ್ತೀವಿ.